ಸುಲ್ತಾನರ ಗುಂಡುಗಲ್ಲಿನ ಮನೆ

ಬೀದರದಿಂದ ಬಂದ ಸಾಹೇಬರು ಏಕನಾಥನ ಮನೆಯ ಗೋಡೆಯ ಮೇಲೆ ಕೈಯಾಡಿಸಿ, "ಭಾಳ ಹಳೇ ಇಮಾರತ ಕಾಣ್ತದಲ್ಲ!" ಎಂದದ್ದೇ ತಪ್ಪಾಯಿತು.

ಅದು ಎಪ್ಪತ್ತೆರಡರ ಬರ. ಸಾಯಗಾಂವದ ಅರ್ಧ ಊರು ಪುಣೆಗೆ ಕಲ್ಲುಮಣ್ಣು ಹೊರಲು ಹೋಗಿತ್ತು. ನಾಳೆ ಹೊರಡುವ ಪಾಳಿ ಏಕನಾಥನದೂ, ಪಕ್ಕದ ಮನೆಯಲ್ಲಿದ್ದ, ಗೋಡೆ ಕಟ್ಟುವ ಗೌಂಡಿ ಕಾಶೀರಾಮನದೂ. ಹೋಗುವವರಿಗೆಲ್ಲ ಧೈರ್ಯ ಹೇಳಿ ಕಳಿಸಿದ ಏಕನಾಥ ತನ್ನ ಪಾಳಿ ಬಂದಾಗ ಸೊಂಟ ಹಿಡಿದು ಕೂತಿದ್ದ. ಹಳೆಯ ಕಟ್ಟಡಗಳ ಪಟ್ಟಿ ಮಾಡುವ ಈ ಸಾಹೇಬರು, ಪಟ್ಟಿಗೆ ಸೇರಿದ್ದಕ್ಕೆ ಸರಕಾರವೇ ಊರವನೊಬ್ಬನನ್ನು ಸಂಬಳದ ಕಾವಲುಗಾರನಾಗಿ ನೇಮಿಸುತ್ತದೆ ಎಂದಾಗ, ಏಕನಾಥ ಮೇವು ಕಂಡ ಕತ್ತೆಯಂತೆ ಕಿವಿ ನಿಮಿರಿಸಿದ.

"ಬರೀದಶಾಹಿ ಸುಲ್ತಾನರ ಕಾಲದ್ದರಿ ಸಾಹೇಬ್ರ!"

ಕಟ್ಟಿಸಿದ್ದು ಅವನಪ್ಪ, ಇಪ್ಪತ್ತು ವರ್ಷದ ಹಿಂದೆ. ಕಡೆದ ಕಲ್ಲಿಗೆ ಗತಿಯಿಲ್ಲದೆ ಮಾಂಜ್ರಾ ಹೊಳೆಯ ಗುಂಡುಗಲ್ಲು ಹೇರಿ ತಂದು, ಸುಣ್ಣದ ಗಚ್ಚಿನಲ್ಲಿ ಸಾಲುಸಾಲಾಗಿ ಕೂಡಿಸಿದ್ದ. ದೂರದಿಂದ ನೋಡಿದರೆ ಸಂತೆಯ ಬದನೆಕಾಯಿ ರಾಶಿ.

"ಏ ಏಕನಾಥ, ಆ ಬಾಗಿಲ ಕಮಾನು ನಾನೇ..." ಎಂದು ಕಾಶೀರಾಮ ಬಾಯಿ ತೆರೆದ.

"ಕಾಕಾ, ಸುಮ್ಮನಿರ್ರಿ! ಅರವತ್ತು ದಾಟೇದ ನಿಮಗ, ಏನೇನೋ ನೆನಪಾಗ್ತದ."

ಅಷ್ಟರಲ್ಲಿ ಓಣಿಯೇ ನೆರೆಯಿತು. ಕೇಳದಿದ್ದರೂ ಸಾಕ್ಷಿ ಹೇಳುವ ಓಣಿ ಅದು.

"ಈ ಕಟ್ಟಿ ಮ್ಯಾಲೆ ಕುಂತು ಸುಲ್ತಾನರು ಹಲ್ಲು ತಿಕ್ಕತಿದ್ರಂತ್ರಿ," ಎಂದಳು ಜಾನಕಿಬಾಯಿ.

"ಒಳಗಿಂದು ಬೇಗಮರ ಖೋಲಿ ಅದರಿ," ಎಂದರು ಕರೀಮ ಸಾಬರು.

"ಅಲ್ಲಿ ನಾವು ಆಡು ಕಟ್ತೇವಲ್ಲ?" ಎಂದ ಹೆಂಡತಿ ಶಾಲುಬಾಯಿಯನ್ನು ಏಕನಾಥ ಕಣ್ಣಲ್ಲೇ ಸುಟ್ಟ.

ಸಾಹೇಬರು ಎಲ್ಲ ಬರೆದುಕೊಂಡು ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಂಡರು. ಒಂದು ಸಾಲದೆಂದು ಏಕನಾಥ ಎರಡು ಒತ್ತಿದ.

"ಶಾಬಾಸ್! ಸುಲ್ತಾನರ ಇಮಾರತ ಅಂದ್ರ ಸರಕಾರದ ಆಸ್ತಿ. ಇದರಾಗ ನೀವು ಹ್ಯಾಂಗ ಹೊಕ್ಕೀರಿ? ಎಂಟು ದಿನದಾಗ ಖಾಲಿ ಮಾಡ್ರಿ."

ಏಕನಾಥನ ಮುಖ ಗೋಡೆಯ ಸುಣ್ಣಕ್ಕಿಂತ ಬೆಳ್ಳಗಾಯಿತು. "ಸುಳ್ಳರಿ ಸಾಹೇಬ್ರ! ನಮ್ಮಪ್ಪ ಕಟ್ಟಿಸಿದ್ದರಿ! ಈ ಕಾಶೀರಾಮ ಕಾಕಾನೇ ಗೌಂಡಿ, ಬೇಕಾದ್ರ ಕೇಳ್ರಿ! ಕಾಕಾ, ನಿಮ್ಮ ಕಾಲು ಬೀಳ್ತೇನಿ, ಖರೇ ಹೇಳ್ರಿ!"

ಸಾಹೇಬರು ಕಾಶೀರಾಮನ ಕಡೆ ತಿರುಗಿದರು. "ನೀವು ಗೌಂಡಿ ಏನ್ರಿ? ಛಲೋ ಆತು. ಗಚ್ಚಿನ ಕೆಲಸ ಬಲ್ಲವರೇ ಕಾವಲಿಗೆ ಬೇಕಾಗಿದ್ರು. ನೀವೇ ಹೇಳ್ರಿ, ಇದು ಯಾವ ಕಾಲದ್ದು?"

ಕಾಶೀರಾಮ ತಾನೇ ಕಟ್ಟಿದ ಕಮಾನನ್ನು ಮೇಲಿಂದ ಕೆಳಗೆ, ಹೊಸದಾಗಿ ನೋಡುವವನಂತೆ ನೋಡಿದ. ಮೀಸೆ ತಿರುವಿದ.

"ಬರೀದಶಾಹಿದೇ ರಿ," ಎಂದ. "ಏ ಏಕನಾಥ, ಗ್ವಾಡಿಗಿ ಒರಗಿ ನಿಂದರಬ್ಯಾಡೋ. ಸರಕಾರಿ ಗ್ವಾಡಿ ಅದ."