ಮಿರ್ಟೊ ಅಜ್ಜಿಯ ಮೇಕೆ ತಲೆಯಾಡಿಸದ ಪ್ರಸಂಗ

ಗಿರಿಶಿಖರದಲ್ಲಿ ಒಂಬತ್ತು ಮಂದಿ ಒಟ್ಟಾಗಿ ಕುಳಿತು ಕವಿಗಳ ಕಿವಿಯೂದುವ ಎಲೈ ವಾಗ್ದೇವಿಯರೇ, ಒಬ್ಬರಾದರೂ ಇಳಿದು ಬನ್ನಿ! ಮೇಘಮಂಡಲಾಧೀಶ್ವರನಾದ ಜೀಯಸ್ ಮಹಾಪ್ರಭುವು ಒಲಿಂಪಸ್ ಪರ್ವತದ ಮೇಲೆ ಹೆಂಡತಿಯೊಡನೆ ಜಗಳವಾಡುತ್ತ ಜಗತ್ತನ್ನಾಳುತ್ತಿದ್ದ ಆ ಪುಣ್ಯಯುಗದಲ್ಲಿ, ಗ್ರೀಕರ ಆರ್ಕೇಡಿಯ ಸೀಮೆಯ ಲಿಕೋನವೆಂಬ ಗುಡ್ಡದೂರಿನಲ್ಲಿ, ಶತಾಜಕಂಠಚ್ಛೇದನಧುರಂಧರನೂ, ಅಂದರೆ ನೂರು ಮೇಕೆಗಳ ಕತ್ತು ಕಡಿದವನೂ, ತೈಲಸಿಕ್ತಶ್ಮಶ್ರುಶೋಭಿತನೂ ಮೂರು ತಲೆಮಾರುಗಳ ಬಲಿಗತ್ತಿಗೆ ಏಕೈಕ ವಾರಸುದಾರನೂ ಆದ ಕಲ್ಲಿಪ್ಪನೆಂಬ ಪೂಜಾರಿಯು ಒಂದು ಮೇಕೆಯೊಡನೆ ಹೂಡಿದ ಘೋರಸಂಗ್ರಾಮವನ್ನು ನಾನೀಗ ಹೇಳಬೇಕಾಗಿದೆ. ನನ್ನೊಬ್ಬನಿಂದ ಆಗುವ ಕೆಲಸವಲ್ಲ ಇದು.

ಮೊದಲು ಆ ಜನರ ಧರ್ಮಸೂಕ್ಷ್ಮವನ್ನು ಕೇಳಿರಯ್ಯಾ. ಬಲಿಯಾದ ಪ್ರಾಣಿಯ ತೊಡೆಮೂಳೆಗಳನ್ನು ಕೊಬ್ಬಿನಲ್ಲಿ ಸುತ್ತಿ ಬೆಂಕಿಗಿಟ್ಟರೆ ಮೇಲೇರುವ ಹೊಗೆಯೇ ದೇವತೆಗಳ ಪಾಲು. ಧೂಮಾಹಾರಪರಾಯಣರಾದ ಅವರು ಅದನ್ನು ಮೂಸಿ ತೃಪ್ತರಾಗುವರು. ಮಾಂಸವೆಲ್ಲ ಭಕ್ತರ ಹೊಟ್ಟೆಗೆ. ಈ ಹಂಚಿಕೆ ಮಾಡಿದ ಪುಣ್ಯಾತ್ಮ ಯಾರೋ, ಭಲೇ ಬುದ್ಧಿವಂತ! ಇನ್ನೊಂದು ನಿಯಮವೂ ಇತ್ತು. ಒಪ್ಪದ ಪ್ರಾಣಿಯನ್ನು ಕೊಲ್ಲುವಂತಿಲ್ಲ. ಆದ್ದರಿಂದ ಅದರ ನೆತ್ತಿಗೆ ನೀರು ಚಿಮುಕಿಸುವರು. ಅದು ತಲೆಯಾಡಿಸಿದರೆ ಮನಸಾರೆ ಒಪ್ಪಿತೆಂದು ಅರ್ಥ. ನೀರು ಬಿದ್ದರೆ ಯಾವ ಪ್ರಾಣಿ ತಲೆ ಕೊಡವುವುದಿಲ್ಲ ಹೇಳಿ! ಅದರ ಮನಸ್ಸಿಗೆ ನೋವಾಗಬಾರದೆಂದು ಕತ್ತಿಯನ್ನು ಬಾರ್ಲಿ ತುಂಬಿದ ಬುಟ್ಟಿಯೊಳಗೆ ಬಚ್ಚಿಡುತ್ತಿದ್ದರು. ಎಂಥ ದಯೆ, ಎಂಥ ದಾಕ್ಷಿಣ್ಯ!

ಬೇಟೆಯ ದೇವಿ ಆರ್ಟೆಮಿಸ್‌ಗೆ ವರ್ಷಕ್ಕೊಂದು ಹೆಣ್ಣು ಮೇಕೆ ಕೊಡುವ ಸರದಿ ಆ ಸಲ ಮಿರ್ಟೊ ಅಜ್ಜಿಯ ಮನೆಗೆ ಬಂತು. ಅಜ್ಜಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಮೆಲಿಸ್ಸ ಎಂಬ ತನ್ನ ಒಂದೇ ಒಂದು ಮೇಕೆಯ ಹಾಲಿನಲ್ಲಿ ರೊಟ್ಟಿ ನೆನೆಸಿ ತಿಂದು ಜೀವ ಹಿಡಿದುಕೊಂಡಿದ್ದಳು.

"ಬೇರೆ ಯಾರ ಮನೇದಾದ್ರೂ ತಗೊಳ್ಳಪ್ಪಾ," ಎಂದು ಅವಳು ಕಲ್ಲಿಪ್ಪನ ಕೈ ಹಿಡಿದುಕೊಂಡಳು. "ಇವಳು ಹೋದ್ರೆ ನಾನು ಏನು ಕುಡಿದು ಬದುಕ್ಲಿ?"

"ದೇವಿ ಸರದಿ ತಪ್ಪಿಸೋಕಾಗತ್ತಾ ಅಜ್ಜಿ? ಅದು ಒಪ್ಪಿದ್ರೆ ತಾನೇ ಕಡಿಯೋದು? ಒಪ್ಪದಿದ್ರೆ ಕೈಮುಗಿದು ವಾಪಸ್ ಕಳಿಸ್ತೀನಿ," ಎಂದನು ಕಲ್ಲಿಪ್ಪ. ಒಪ್ಪದ ಮೇಕೆಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಆ ದಿನ ಬೆಳಿಗ್ಗೆ ಊರಿಗೂರೇ ಒಲೆ ಹಚ್ಚದೆ ಖಾಲಿ ಪಾತ್ರೆಗಳನ್ನು ಹಿಡಿದು ಬಲಿಪೀಠದ ಸುತ್ತ ನೆರೆಯಿತು. ಕಲ್ಲಿಪ್ಪನು ಗಡ್ಡಕ್ಕೆ ಇನ್ನೊಮ್ಮೆ ಎಣ್ಣೆ ಸವರಿ, ಎದೆಯುಬ್ಬಿಸಿ, ದಿಕ್ಕುಗಳು ಮೊಳಗುವಂತೆ ಗರ್ಜಿಸಿದನು: "ಎಲೈ ಅಜಕುಲತಿಲಕಳೇ! ನನ್ನ ಅಜ್ಜನೆದುರು ವೃಷಭಗಳು ತಲೆಬಾಗಿದವು, ನನ್ನ ತಂದೆಯೆದುರು ವರಾಹಗಳು ತಲೆಬಾಗಿದವು! ನೀರು ಬಿದ್ದ ತಲೆ ಆಡಿತೆಂದರೆ ಅದೇ ಒಪ್ಪಿಗೆ, ಅದೇ ದೇವವಾಕ್ಯ! ಸ್ವಯಂ ಜೀಯಸನೂ ಅದನ್ನು ಬದಲಿಸಲಾರ! ಇಗೋ, ತಲೆಯಾಡಿಸಿ ಧನ್ಯಳಾಗು!"

ನೀರು ಬಿತ್ತು. ಮೆಲಿಸ್ಸ ಕಣ್ಣು ಮುಚ್ಚಿದಳು.

ಇನ್ನೊಂದು ಚೊಂಬು ಬಿತ್ತು. ಮೆಲಿಸ್ಸ ಕುತ್ತಿಗೆಯನ್ನು ಮುಂದೆ ಚಾಚಿ ಹಾಯಾಗಿ ನಿಂತಳು. ಮರಿಯಾಗಿದ್ದಾಗಿನಿಂದ ಅಜ್ಜಿ ದಿನಾ ಅವಳ ತಲೆಗೆ ಕೊಡಗಟ್ಟಲೆ ನೀರು ಸುರಿದು ಮೈ ತೊಳೆಯುತ್ತಿದ್ದಳು. ನೀರೆಂದರೆ ಅವಳಿಗೆ ಪ್ರಾಣ. ಪೂಜಾರಿಗೆ ಇದೆಲ್ಲಿಂದ ಗೊತ್ತಾಗಬೇಕು! ಮೂರನೆಯ ಚೊಂಬಿಗೆ ಅವಳು ತನ್ನ ಕೊರಳ ಹೂಮಾಲೆಯನ್ನು ತಿಂದು ಮುಗಿಸಿದಳು. ನಾಲ್ಕನೆಯದಕ್ಕೆ ಬುಟ್ಟಿಗೆ ಬಾಯಿ ಹಾಕಿ ಬಾರ್ಲಿಯನ್ನು ಮೆಲ್ಲತೊಡಗಿದಳು. ವಂಶಪರಂಪರೆಯ ಆ ಗುಪ್ತಖಡ್ಗವು ಎಲ್ಲರೆದುರು ಬಟಾಬಯಲಾಯಿತು. ಮೇಕೆ ಅದನ್ನೊಮ್ಮೆ ಮೂಸಿ ಪಕ್ಕಕ್ಕೆ ತಳ್ಳಿತು.

"ಬೇಗ ಒಪ್ಸೋ ಮಾರಾಯ, ಹೊಟ್ಟೆ ತಾಳ ಹಾಕ್ತಿದೆ!" ಎಂದು ಕುಂಬಾರನೊಬ್ಬ ಹಿಂದಿನಿಂದ ಕೂಗಿದ.

ಕಲ್ಲಿಪ್ಪನಿಗೆ ರೇಗಿತು. ರೋಷಾರುಣಲೋಚನನಾದ ಆ ಮಹಾವೀರನು ಮೇಕೆಯ ಮುಂದೆ ಮಂಡಿಯೂರಿ, ಮೂತಿಗೆ ಮೂತಿ ಕೊಟ್ಟು, ತುಂಬಿದ ಕೊಡವನ್ನೇ ಎರಡೂ ಕೈಗಳಿಂದ ಮೇಲೆತ್ತಿದನು. ಇನ್ನೂ ನೀರು ಬರುತ್ತದೆಂಬ ಸಂತೋಷಕ್ಕೆ ಮೆಲಿಸ್ಸ ಮುಂಗಾಲೆತ್ತಿ ಹಾರಿದಳು. ಕೊಡ ಮಗುಚಿ ಅಷ್ಟೂ ನೀರು ಕಲ್ಲಿಪ್ಪನ ನೆತ್ತಿಯ ಮೇಲೆ ಸುರಿಯಿತು. ಸಿಟ್ಟಿನ ಭರದಲ್ಲಿ ಅವನಿಗೆ ಅದರ ಪರಿವೆಯೇ ಇಲ್ಲ.

"ಹೀಗೆ ಕಣೇ! ಹೀಗೆ, ಹೀಗೆ! ಇಷ್ಟೂ ಬರಲ್ವಾ ನಿಂಗೆ?" ಎನ್ನುತ್ತ ಮೂರು ಸಲ ಚೆನ್ನಾಗಿ ತಲೆಯಾಡಿಸಿ ತೋರಿಸಿದನು.

ಅಷ್ಟು ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದ ಅಜ್ಜಿ ಎದ್ದು ನಿಂತಳು.

"ಎಲ್ಲಾರೂ ನೋಡಿದ್ರಲ್ಲಾ? ನೀರು ಬಿತ್ತು. ತಲೆ ಆಡ್ತು. ಕಲ್ಲಿಪ್ಪ ಒಪ್ಪಿದಾನೆ."

ಪಾತ್ರೆ ಹಿಡಿದ ಜನ ಅವನ ದಪ್ಪ ತೊಡೆಗಳ ಕಡೆಗೆ ಒಮ್ಮೆ ನೋಡಿದರು. ತಮಾಷೆಗೇ ಇರಬೇಕು, ಆದರೂ ಹಸಿದವರನ್ನು ನಂಬುವ ಹಾಗಿಲ್ಲ.

"ಏನಜ್ಜಿ ನೀವು!" ಕಲ್ಲಿಪ್ಪ ಗಡಬಡಿಸಿ ಎದ್ದನು. "ತಲೆ ಮೇಲೆ ನೀರು ಬಿತ್ತು, ಆಡಿಸ್ದೆ. ಅಷ್ಟಕ್ಕೇ ಸಾಯೋಕೆ ಒಪ್ಪಿದೆ ಅಂತ ಆಗ್ಬಿಡತ್ತಾ?"

"ನಾನೂ ಅದನ್ನೇ ಕೇಳ್ತಿದೀನಿ ಕಣಪ್ಪಾ," ಎಂದಳು ಅಜ್ಜಿ.

ಮೇಕೆ ಬುಟ್ಟಿಯ ತಳ ನೆಕ್ಕುವ ಸದ್ದೊಂದೇ ಕೇಳುತ್ತಿತ್ತು. ಕಲ್ಲಿಪ್ಪನು ಮೆಲ್ಲಗೆ ಕತ್ತಿಯನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಆಕಾಶವನ್ನೊಮ್ಮೆ ನೋಡಿ, ಗಂಭೀರವಾಗಿ ಘೋಷಿಸಿದನು: "ಇವತ್ತು ದೇವಿಗೆ ಹಸಿವಿಲ್ಲ ಅಂತ ಕಾಣತ್ತೆ."

ದೇವಿಗೆ ತಪ್ಪಿದ್ದು ನಾಲ್ಕು ಮೂಳೆಯ ಹೊಗೆ. ಗೊಣಗಿದವರು ಮಾತ್ರ ಭಕ್ತರು. ಅಜ್ಜಿ ಮೆಲಿಸ್ಸಳ ಕುತ್ತಿಗೆ ತಬ್ಬಿ ಜೋರಾಗಿ ಅತ್ತು, ಆಮೇಲೆ ಹಗ್ಗ ಹಿಡಿದು ಮನೆಗೆ ಹೊರಟಳು.

ಮಧ್ಯಾಹ್ನ ಅವಳ ಬಾಗಿಲಲ್ಲಿ ನೆರಳು ಬಿತ್ತು. ಶತಾಜಕಂಠಚ್ಛೇದನಧುರಂಧರನು ತಲೆ ತಗ್ಗಿಸಿ ನಿಂತಿದ್ದನು. ಮಾಂಸ ಬರುತ್ತದೆಂದು ಅವನ ಹೆಂಡತಿ ಏನೂ ಬೇಯಿಸಿರಲಿಲ್ಲ.

"ಅಜ್ಜಿ, ಒಂಚೂರು ಹಾಲೇನಾದ್ರೂ..."

"ಹಿಂಗಾಲು ಗಟ್ಟಿಯಾಗಿ ಹಿಡ್ಕೋ," ಎಂದಳು ಅಜ್ಜಿ. "ಹೊಸಬರನ್ನ ಕಂಡ್ರೆ ಒದೀತಾಳೆ."

ಎರಡು ಸಲ ಒದೆ ತಿಂದ ಮೇಲೆ ಅವನಿಗೆ ಅರ್ಧ ಬಟ್ಟಲು ಸಿಕ್ಕಿತು.