ಕುರಿ ರೊಪ್ಪದಲ್ಲಿ ಸ್ಪೋರ್ಟ್ಸ್ ಕಾರಿಗೆ ಬಣ್ಣ

ಈ ಸಂಗತಿಯನ್ನು ಬರೆಯಬೇಕೆಂದು ಬಹಳ ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಪ್ರತಿ ಸಲವೂ ಏನಾದರೊಂದು ಅಡ್ಡ ಬರುತ್ತಿತ್ತು. ಒಂದು ವರ್ಷ ಕಣ್ಣಿನ ಪೊರೆ ತೆಗೆಸಿದೆ. ಇನ್ನೊಂದು ವರ್ಷ ಮಳೆ ಚೆನ್ನಾಗಿ ಬಂತು. ಮಳೆ ಬರುವುದಕ್ಕೂ ತಪ್ಪೊಪ್ಪಿಕೊಳ್ಳದೆ ಇರುವುದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಉತ್ತರ ಸಿಗಲಿಲ್ಲವಾದ್ದರಿಂದ ಇವತ್ತು ಬರೆಯಲು ಕುಳಿತಿದ್ದೇನೆ.

ನಮ್ಮದು ಐಮಂಗಲ. ಹೆದ್ದಾರಿಯಲ್ಲಿ ಲಾರಿ ಹಾರನ್ ಹೊಡೆದರೆ ನಮ್ಮ ಅಡುಗೆಮನೆಯ ತಟ್ಟೆಗಳು ಉತ್ತರ ಕೊಡುತ್ತವೆ. ನಾವು ಕುರಿಯವರು. ನಾನು ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಪ್ರಯತ್ನದಲ್ಲಿ ಮುಗಿಸಿ, ಕಂಬಳಿ ಸೊಸೈಟಿಯಲ್ಲಿ ಉಣ್ಣೆ ತೂಗುವ ಕೆಲಸಕ್ಕೆ ಸೇರಿದೆ. ಕುರಿಗಳನ್ನು ನೋಡಿಕೊಂಡವಳು ನನ್ನ ಮನೆಯಾಕೆ. ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ಹೇಳುವುದಿಲ್ಲ. ನನ್ನ ಕಾಲದ ಗಂಡಸರು ಹೆಂಡತಿಯ ಹೆಸರನ್ನೂ ನಾಲಿಗೆಗೆ ತಂದುಕೊಳ್ಳುತ್ತಿರಲಿಲ್ಲ. ಆದ್ದರಿಂದ ಮನೆಯಾಕೆ ಎಂದೇ ಬರೆಯುತ್ತೇನೆ.

ಗುರುತಿನ ವಿಷಯವನ್ನು ಮೊದಲೇ ಹೇಳಿಬಿಡಬೇಕು. ಒಂದೊಂದು ಮನೆಯ ಮಂದೆಗೆ ಒಂದೊಂದು ಬಣ್ಣದ ಗುರುತು. ನೀರಿನ ಹತ್ತಿರ ಎರಡು ಮಂದೆ ಬೆರೆತರೆ ಯಾವ ಕುರಿ ಯಾರದೆಂದು ತೀರ್ಮಾನಿಸುವುದು ಆ ಗುರುತೇ. ನಮ್ಮದು ಕೆಂಪು: ಬಲ ತೊಡೆಯ ಮೇಲೆ ಓರೆಯಾಗಿ ಒಂದು ಪಟ್ಟೆ, ಹಣೆಗೊಂದು ಬೊಟ್ಟು. ಇನ್ನೊಬ್ಬರ ಗುರುತನ್ನು ಕೆರೆದು ತನ್ನ ಗುರುತು ಹಾಕಿದವನಿಗೆ ನಮ್ಮಲ್ಲಿ ಬೇರೆ ಹೆಸರಿಲ್ಲ. ಕಳ್ಳ!

ಗುರುತು ಹಾಕುವುದರಲ್ಲಿ ಮನೆಯಾಕೆಯ ಕೈ ಹೆಸರಾದದ್ದು. ದೀಪಾವಳಿಯ ಕುರಿ ಪೂಜೆಯ ದಿನ ಸುತ್ತಲಿನ ಐದಾರು ಮನೆಯವರು ಮೊದಲ ಗುರುತನ್ನು ಅವಳಿಂದಲೇ ಹಾಕಿಸುತ್ತಿದ್ದರು. ಅವಳು ಬಣ್ಣದ ಬಟ್ಟಲು ಹಿಡಿದು ಮುಂದೆ ನಡೆದರೆ ಹಿಂದೆ ಹೆಂಗಸರ ಹಿಂಡು. ವರ್ಷದಲ್ಲಿ ಆ ಒಂದು ದಿನ ಅವಳು ರೇಷ್ಮೆ ಸೀರೆ ಉಡುತ್ತಿದ್ದಳು. ಜವನಗೊಂಡನಹಳ್ಳಿಯ ಕರಿಯಣ್ಣನ ಮನೆಯಿಂದಲೂ ಕರೆ ಬರುತ್ತಿತ್ತು. ಅವರ ಗುರುತು ಹಳದಿ.

ಈ ಕರಿಯಣ್ಣನ ಮಗ ಓಬಳೇಶನಿಗೂ ನಮ್ಮ ಮಗಳು ಸುಧಾಳಿಗೂ ಮದುವೆಯ ಮಾತು ನಡೆದಿತ್ತು. ಮಾತು ನಡೆದದ್ದು ದೊಡ್ಡವರ ನಡುವೆ. ಅವರಿಬ್ಬರು ತಮ್ಮೊಳಗೆ ಮಾತು ಮುಗಿಸಿ ಒಪ್ಪಿಕೊಂಡು ಆಗಲೇ ವರ್ಷವಾಗಿತ್ತು.

ಓಬಳೇಶ ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದಿದ್ದ. ಮದುವೆಗೆ ಮುಂಚೆ ಹುಡುಗ ಹುಡುಗಿಯನ್ನು ಗುಡ್ಡದ ಗಾಳಿಯಂತ್ರಗಳ ಕೆಳಗೆ ನಿಲ್ಲಿಸಿ ಫೋಟೊ ತೆಗೆಯುತ್ತಾರಲ್ಲ, ಅಂಥವರಿಗೆ ಬಾಡಿಗೆಗೆ ಕೊಡಲು. ಎರಡೇ ಸೀಟು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಅದರ ಕೆಳಗೆ ನುಗ್ಗುವ ಮುಂಚೆ ಕೋಳಿಯೂ ಯೋಚನೆ ಮಾಡುತ್ತಿತ್ತು. ಅವನ ಬೀದಿಯ ರಸ್ತೆಯುಬ್ಬುಗಳಿಗೆ ಕಾರಿನ ಹೊಟ್ಟೆ ಉಜ್ಜುತ್ತಿದ್ದುದರಿಂದ ಹೆದ್ದಾರಿಯ ಪಕ್ಕದ ನಮ್ಮ ಮನೆಯಲ್ಲಿ ಬಿಡುತ್ತಿದ್ದ. ನಮ್ಮ ಕುರಿಗಳು ಆಗ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಂತಿದ್ದವು. ಹಿತ್ತಲಿನ ರೊಪ್ಪ, ಅಂದರೆ ಕುರಿ ಕೂಡುವ ಜಾಗ, ಖಾಲಿ ಇತ್ತು. ಅಲ್ಲಿ ಕಾರು ನಿಂತಿತು. ಜೊತೆಗೆ ನಮ್ಮ ಒಂದು ಆಡು.

ಕಾರಿನ ಮೈ ಬೂದು, ಅಲಂಕಾರವೆಲ್ಲ ಹಳದಿ. ಕನ್ನಡಿಗಳ ಬೆನ್ನು, ಮುಂದಿನ ತುಟಿಯ ಅಂಚು, ಬಾಗಿಲಿನಿಂದ ಹಿಂದಿನ ಚಕ್ರದ ತನಕ ಅಂಟಿಸಿದ ಒಂದು ಪಟ್ಟಿ, ಚಕ್ರದೊಳಗೆ ಬ್ರೇಕಿನ ಹಿಡಿ. ಆ ಹಳದಿಯನ್ನು ನೋಡಿಯೇ ಕರಿಯಣ್ಣ ಕಾರು ಕೊಳ್ಳಲು ಒಪ್ಪಿದ್ದನಂತೆ.

"ಹಳದಿ ಮಂಕಾಗೈತೆ ಮಾವ," ಎಂದ ಓಬಳೇಶ ಒಂದು ದಿನ. "ಫೋಟೊದೋರೆಲ್ಲ ಕೆಂಪಿದ್ರೆ ಚೆಂದ ಅಂತಾರೆ. ಬೆಂಗ್ಳೂರಲ್ಲಿ ಹಾಕಿಸ್ಬೇಕು. ಅಪ್ಪನ್ನ ಒಂದ್ಮಾತು ಕೇಳ್ತೀನಿ."

ಅಷ್ಟು ಹೇಳಿ ಬಸ್ಸಿಗೆ ಹೋದ. ಮಾರನೆಯ ಮಧ್ಯಾಹ್ನ ಕರಿಯಣ್ಣ ಹಿರಿಯರ ಜೊತೆ ಬಂದು ಎಲೆ ಅಡಿಕೆ ಬದಲಾಯಿಸಿಕೊಂಡು ಮದುವೆ ಗಟ್ಟಿ ಮಾಡುವುದಿತ್ತು. ಭಾವೀ ಅಳಿಯನಿಗೆ ಒಂದು ಆಶ್ಚರ್ಯ ಕೊಡೋಣವೆಂಬ ಸದುದ್ದೇಶ ನನ್ನಲ್ಲಿ ಹುಟ್ಟಿತು. ಬಣ್ಣ ಬಳಿಯಲು ಬೆಂಗಳೂರು ಯಾಕೆ? ಎತ್ತಿನ ಕೊಂಬಿಗೆ ಬಳಿದು ಉಳಿದ ಕೆಂಪು ಬಣ್ಣದ ಡಬ್ಬಿ ಅಟ್ಟದಲ್ಲೇ ಇತ್ತು!

ಬೆಳಿಗ್ಗೆ ಡಬ್ಬಿ ಇಳಿಸುವುದನ್ನು ಮನೆಯಾಕೆ ನೋಡಿದಳು.

"ಏನ್ರಿ ಅದು?"

"ಕಾರಿನ ಹಳದಿ ತೆಗ್ದು ಕೆಂಪು ಮಾಡ್ತೀನಿ."

"ಹಳದಿ ಅವ್ರ ಮನೆ ಗುರ್ತು ಕಣ್ರಿ. ನಾವು ಮುಟ್ಟಂಗಿಲ್ಲ."

"ಅದು ಕುರಿಗೆ. ಇದು ಕಾರು."

"ನಿಮ್ಗೆ ಕುರಿನೂ ಗೊತ್ತಿಲ್ಲ, ಕಾರೂ ಗೊತ್ತಿಲ್ಲ. ಉಣ್ಣೆ ಗೊತ್ತು. ಸುಮ್ನೆ ಕುಂತ್ಕಳ್ರಿ."

ನಾನು ಸುಮ್ಮನೆ ಕೂರಲಿಲ್ಲ. ಪಟ್ಟಿಯ ಮೇಲೆ ಬಿಸಿನೀರು ಹುಯ್ದು, ಉಣ್ಣೆ ಕತ್ತರಿಸುವ ಕತ್ತರಿಯ ತುದಿಯಿಂದ ಎಬ್ಬಿಸಿದೆ. ಎಡಗಡೆಯದು ಹಾವು ಪೊರೆ ಬಿಟ್ಟ ಹಾಗೆ ಸಲೀಸಾಗಿ ಬಂತು. ಆ ಉತ್ಸಾಹದಲ್ಲಿ ಬಲಗಡೆಯದನ್ನು ಜೋರಾಗಿ ಎಳೆದೆ. ಅದೂ ಬಂತು. ಜೊತೆಗೆ ಕಾರಿನ ಬೂದು ಬಣ್ಣವೂ ಬಂತು. ಹಿಂದಿನ ಚಕ್ರದ ಮೇಲೆ ಮೊಣಕಾಲು ತರಚಿದಂಥ ಗಾಯ. ಪರವಾಗಿಲ್ಲ, ಕೆಂಪಿನಲ್ಲಿ ಮುಚ್ಚಿಹೋಗುತ್ತದೆ ಎಂದುಕೊಂಡೆ.

ಬಣ್ಣ ಅಕ್ಕಪಕ್ಕ ಹರಿಯದಂತೆ ಸುತ್ತಲೂ ಕಾಗದ ಅಂಟಿಸುತ್ತಾರೆಂದು ನನಗೆ ಗೊತ್ತಿತ್ತು. ಯಾವುದರಿಂದ ಅಂಟಿಸುತ್ತಾರೆಂದು ಗೊತ್ತಿರಲಿಲ್ಲ. ಮೈದಾ ಹಿಟ್ಟಿನ ಅಂಟು ಕಾಸಿ, ಹಳೆಯ ಪತ್ರಿಕೆಗಳನ್ನು ಮೈತುಂಬ ಅಂಟಿಸಿದೆ. ಡಬ್ಬಿಯ ಮುಚ್ಚಳ ಬಿಗಿದುಕೊಂಡಿತ್ತು. ಅದನ್ನು ತೆಗೆಯಲು ಚಮಚ ತರೋಣವೆಂದು ಒಳಗೆ ಹೋದೆ. ಚಮಚ ಕೊಡಲು ಮನೆಯಾಕೆ ಒಪ್ಪದೆ ಸ್ವಲ್ಪ ಹೊತ್ತಾಯಿತು. ವಾಪಸು ಬರುವಷ್ಟರಲ್ಲಿ ಬಲಗಡೆಯ ಪತ್ರಿಕೆಗಳನ್ನೆಲ್ಲ ಆಡು ಓದಿ ಮುಗಿಸಿತ್ತು! ಸಂಪಾದಕೀಯವನ್ನೂ ಬಿಟ್ಟಿರಲಿಲ್ಲ. ಆಮೇಲೆ ಅಂಟನ್ನು ನೆಕ್ಕುತ್ತಾ ನಿಂತಿತ್ತು.

ಕಾಗದದ ಸಹಾಯವಿಲ್ಲದೆ ಕೈಯಳತೆಯಲ್ಲೇ ಬಳಿಯಲು ತೀರ್ಮಾನಿಸಿದೆ. ಕನ್ನಡಿ ಚೆನ್ನಾಗಿ ಬಂತು. ಮುಂದಿನ ತುಟಿ ವೀಳ್ಯ ಜಗಿದವನ ತುಟಿಯಾಯಿತು. ಚಕ್ರದೊಳಗಿನ ಹಿಡಿಗೂ ಹಚ್ಚಿದೆ. ಕುಂಚದಲ್ಲಿ ಬಣ್ಣ ಉಳಿದಿತ್ತು. ಹಿಡಿಯ ಪಕ್ಕದಲ್ಲೇ ಒಂದು ಹೊಳೆಯುವ ತಟ್ಟೆ ಇದ್ದದ್ದರಿಂದ ಅದಕ್ಕೂ ಬಳಿದೆ. ನಾಲ್ಕೂ ಚಕ್ರಕ್ಕೆ. ಬ್ರೇಕು ಹಿಡಿಯಬೇಕಾದದ್ದು ಆ ತಟ್ಟೆಯನ್ನೇ ಎಂಬುದು ಆಮೇಲೆ ತಿಳಿಯಿತು.

ಉಳಿದದ್ದು ಬಲಗಡೆಯ ಗಾಯ. ನೇರ ಪಟ್ಟಿಯಲ್ಲಿ ಅದು ಮುಚ್ಚಲಿಲ್ಲ. ಅಗಲ ಮಾಡಿದೆ. ಸಾಲದೆ ಸ್ವಲ್ಪ ಓರೆ ಮಾಡಿದೆ. ಡಬ್ಬಿ ಮುಚ್ಚಲೆಂದು ಮುಂದೆ ಬಂದಾಗ ಮುಚ್ಚಳದಿಂದ ಒಂದು ಹನಿ ಕಾರಿನ ಮೂತಿಯ ಮೇಲೆ, ಸರಿಯಾಗಿ ನಡುವೆ ಬಿತ್ತು. ಒರೆಸಿದರೆ ಹರಡುತ್ತದೆಂದು ಬೆರಳಿನಿಂದ ದುಂಡಗೆ ಮಾಡಿದೆ. ಹಿಂದೆ ಸರಿದು ನಿಂತು ನೋಡಿದೆ.

ಬಲ ತೊಡೆಯ ಮೇಲೆ ಓರೆ ಪಟ್ಟೆ. ಹಣೆಗೊಂದು ಬೊಟ್ಟು. ನಮ್ಮ ಮಂದೆಯ ಅತಿ ದೊಡ್ಡ ಕುರಿ ನಿಂತಿತ್ತು.

ಬಿಸಿಲಿಗೆ ಒಣಗಿದರೆ ಬೇರೆ ಥರ ಕಾಣಬಹುದೆಂಬ ಆಸೆಯಿಂದ ಪಕ್ಕದ ಮನೆಯ ತಿಪ್ಪೇಸ್ವಾಮಿಯನ್ನು ಕರೆದೆ. ಅವನು ಟ್ರ್ಯಾಕ್ಟರ್ ಓಡಿಸುವವನು. ಕಾರಿನ ಸುತ್ತ ಒಂದು ಸುತ್ತು ಬಂದು, ಆಡಿನ ಕೆಂಪು ಗಡ್ಡವನ್ನೂ ನನ್ನ ಮೊಣಕೈವರೆಗಿನ ಕೆಂಪನ್ನೂ ನೋಡಿದ.

"ಲೇ ತಿಮ್ಮಣ್ಣ, ಉಣ್ಣೆ ಯಾವಾಗ ಕತ್ತರಿಸ್ತೀಯಪ್ಪ ಇದ್ಕೆ?"

"ಬಾಯ್ಮುಚ್ಕಂಡು ಒಳಗ್ ಕುಂತ್ಕ. ನಾನು ತಳ್ತೀನಿ. ಬಿಸ್ಲಿಗೆ ಬಂದ್ಕೂಡ್ಲೆ ಬ್ರೇಕ್ ಒತ್ತು."

ತಳ್ಳಿದೆ. ಕಾರು ಹಿಮ್ಮುಖವಾಗಿ ರೊಪ್ಪದಿಂದ ಹೊರಗೆ ಬಂತು. ಬಿಸಿಲಿಗೆ ಬಂತು. ಬಿಸಿಲನ್ನು ದಾಟಿಯೂ ಹೋಯಿತು. ನಮ್ಮ ಹಿತ್ತಲು ತಿಪ್ಪೆಗುಂಡಿಯ ಕಡೆಗೆ ಇಳಿಜಾರು.

"ಬ್ರೇಕ್ ಒತ್ತಲೇ!"

"ಒತ್ತೀನಿ ಕಣಲೇ! ಕಾಲು ಪೂರಾ ಒಳಗ್ ಹೋಗೈತೆ, ಇದು ನಿಲ್ಲಾಕೆ ಒಲ್ಲದು!"

ಕಾರು ಯಾವ ಗಡಿಬಿಡಿಯೂ ಇಲ್ಲದೆ ಹೋಗಿ, ಗೊಬ್ಬರದ ಗುಂಡಿಯಲ್ಲಿ ಹಿಂಭಾಗವನ್ನು ಊರಿ, ಮೂತಿ ಮೇಲೆತ್ತಿ ಕುಳಿತಿತು. ಹಣೆಯ ಬೊಟ್ಟು ಈಗ ದೂರದಿಂದಲೂ ಕಾಣುತ್ತಿತ್ತು. ಆ ಕ್ಷಣದಲ್ಲೇ ಬೀಗರು ಹಿತ್ತಲಿನ ಬಾಗಿಲಿನಿಂದ ಬಂದರು. ಮುಂದೆ ಕರಿಯಣ್ಣ, ಹಿಂದೆ ಇಬ್ಬರು ಹಿರಿಯರು, ಕೊನೆಯಲ್ಲಿ ಓಬಳೇಶ.

"ಬರ್ರಿ, ಬರ್ರಿ," ಎಂದೆ.

ಹಿರಿಯರಲ್ಲೊಬ್ಬರು ಗುಂಡಿಯ ಕಡೆ ನೋಡಿದರು. "ಏನ್ ಬೀಗ್ರೆ, ಗುರ್ತೂ ಹಾಕಿ, ಗೊಬ್ರುಕ್ಕೆ ಮಂದೆನೂ ನಿಲ್ಸಿದೀರಿ!"

ಯಾರೂ ನಗಲಿಲ್ಲ. ಕರಿಯಣ್ಣ ತೊಡೆಯ ಪಟ್ಟೆ ನೋಡಿದ. ಬೊಟ್ಟು ನೋಡಿದ. ನೆಲದ ಮೇಲೆ ಬಿದ್ದಿದ್ದ ಹಳದಿ ಪಟ್ಟಿಯನ್ನು ಬಗ್ಗಿ ಎತ್ತಿಕೊಂಡ.

"ನಮ್ಮ ಗುರ್ತು ಕೆರೆದೋರು ಯಾರು?"

ಮೆಲ್ಲಗೆ ಕೇಳಿದ. ಕೂಗಿ ಕೇಳಿದ್ದರೆ ನಾನೂ ಧೈರ್ಯವಾಗಿ ಏನಾದರೂ ಹೇಳುತ್ತಿದ್ದೆನೋ ಏನೋ. ಹಿತ್ತಲಿನ ಬಾಗಿಲಲ್ಲಿ ಸುಧಾ ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಮನೆಯಾಕೆ. ತಟ್ಟೆ ನಡುಗುತ್ತಿತ್ತು. ಈ ಸಲ ಹೆದ್ದಾರಿಯಲ್ಲಿ ಯಾವ ಲಾರಿಯೂ ಹಾರನ್ ಹೊಡೆದಿರಲಿಲ್ಲ. ಕಳ್ಳನ ಮಗಳನ್ನು ಯಾರೂ ಸೊಸೆಯಾಗಿ ತರುವುದಿಲ್ಲ.

ನಾನು ಧ್ವಜಾರೋಹಣದ ದಿನದ ಹೆಡ್‌ಮಾಸ್ತರರಂತೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಹೇಳಿದೆ: "ನಮ್ಮನೇಲಿ ಗುರ್ತು ಹಾಕೋದೆಲ್ಲ ಇವ್ಳೇ ಅಲ್ವ ಕರಿಯಣ್ಣ."

ಈ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಉಣ್ಣೆ ತೂಗುವವನ ತಕ್ಕಡಿಯೇ ಹಾಗೆ. ನೋಡುವುದಕ್ಕೆ ಸರಿಯಾಗಿಯೇ ನಿಂತಿರುತ್ತದೆ. ತಿಪ್ಪೇಸ್ವಾಮಿ ಮೋಡಗಳನ್ನು ಪರೀಕ್ಷಿಸತೊಡಗಿದ. ಮೋಡ ಇರಲಿಲ್ಲ.

ಮನೆಯಾಕೆ ನನ್ನನ್ನು ನೋಡಿದಳು. ಸುಧಾಳನ್ನು ನೋಡಿದಳು. ಆಮೇಲೆ ನೆಟ್ಟಗೆ ನಡೆದುಹೋಗಿ, ಗುಂಡಿಯ ಅಂಚಿನಲ್ಲಿ ನಿಂತು, ಆ ಹಸಿ ಪಟ್ಟೆಯ ಮೇಲೆ ತನ್ನ ಅಂಗೈ ಒತ್ತಿದಳು. ಕೆಂಪಾದ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು.

"ಹೂಂ ಕಣಣ್ಣ, ನಾನೇ. ನಮ್ಮುಡುಗಿ ನಾಳೆ ನಿಮ್ಮ ಹಟ್ಟಿಗೆ ಬತ್ತಾಳೆ. ಅವ್ಳ ಮೇಲೆ ನಿಮ್ಮ ಗುರ್ತು ಬೀಳ್ತದೆ. ನಿಮ್ಮುಡುಗನ ಕಡೇದು ಒಂದಾದ್ರೂ ನಮ್ಮ ಗುರ್ತಿನಾಗೆ ಇರ್ಲಿ ಅಂತ ಹಾಕ್ದೆ. ತಪ್ಪಾದ್ರೆ ಹೇಳು, ನಾನೇ ಕೆರೀತೀನಿ."

ಕರಿಯಣ್ಣ ಕೈಯಲ್ಲಿದ್ದ ಹಳದಿ ಪಟ್ಟಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ ಅವನ ಹೊಟ್ಟೆ ಕುಲುಕಿತು. "ಗಂಡಸು ಹಾಕಿದ್ರೆ ವಾಪಸ್ ಹೋಗ್ತಿದ್ದೆ ಕಣಮ್ಮ!" ಎಂದು ನಕ್ಕ. ಹಿರಿಯರು ನಕ್ಕರು. ಓಬಳೇಶ ಮಾತ್ರ ಕಾರಿನ ಕಡೆ ನೋಡಿ, ನಗಲು ಪ್ರಯತ್ನ ಮಾಡಿದ. ಎಲೆ ಅಡಿಕೆ ಬದಲಾಯಿತು. ಕಾರನ್ನು ತಿಪ್ಪೇಸ್ವಾಮಿಯ ಟ್ರ್ಯಾಕ್ಟರ್ ಎಳೆಯಿತು. ನಾನು ಊಟಕ್ಕೆ ಬಡಿಸಲಿಲ್ಲ, ಕೈ ಕೆಂಪಾಗಿತ್ತು.

ಮದುವೆ ಚೆನ್ನಾಗಿ ನಡೆಯಿತು. ಕಾರು ಬೆಂಗಳೂರಿಗೆ ಹೋಗಿ, ಅಂಗೈಯ ಅಚ್ಚು ಸಹಿತ ಎಲ್ಲವನ್ನೂ ಕಳೆದುಕೊಂಡು, ಮತ್ತೆ ಹಳದಿಯಾಗಿ ಬಂತು. ಓಬಳೇಶನಿಗೆ ನಾನು ನಿಜ ಹೇಳಿ ಕ್ಷಮೆ ಕೇಳಿದೆ. "ಅವತ್ತೇ ಗೊತ್ತಾಯ್ತು ಬಿಡು ಮಾವ, ಅತ್ತೆ ಪಟ್ಟೆ ಅಷ್ಟು ಸೊಟ್ಟ ಹಾಕಲ್ಲ," ಎಂದ. ಗೊಬ್ಬರದ ವಾಸನೆ ಹಿಡಿದ ಬಟ್ಟೆಗಾಗಿ ತಿಪ್ಪೇಸ್ವಾಮಿಯ ಕ್ಷಮೆ ಕೇಳಿದೆ. ಹೊಟ್ಟೆ ಕೆಟ್ಟ ಆಡಿನ ಕ್ಷಮೆಯನ್ನೂ ಕೇಳಿದೆ.

ಆ ವರ್ಷ ದೀಪಾವಳಿಗೆ ಕರಿಯಣ್ಣನ ಮನೆಯಿಂದ ಬಟ್ಟಲು ಹಿಡಿಯಲು ಕರೆ ಬರಲಿಲ್ಲ. "ತಮಾಷೆ ಬ್ಯಾರೆ, ಗುರ್ತು ಬ್ಯಾರೆ. ಇನ್ನೊಬ್ರ ಗುರ್ತು ಅಳಿಸಿದ ಕೈ ಅದು," ಎಂದಳಂತೆ ಅವನ ಮುದಿ ತಾಯಿ. ಮಾತು ಉಳಿದ ಮನೆಗಳಿಗೂ ಹೋಯಿತು. ಮುಂದಿನ ವರ್ಷವೂ ಯಾರೂ ಕರೆಯಲಿಲ್ಲ. ಆಮೇಲೆ ಎಂದೂ ಕರೆಯಲಿಲ್ಲ. "ಸೊಂಟ ನೋವು, ಕರೀದೇ ಇದ್ದದ್ದೇ ಒಳ್ಳೇದಾತು," ಎಂದು ಅವಳು ರೇಷ್ಮೆ ಸೀರೆಯನ್ನು ಮಡಿಸಿ ಸುಧಾಳಿಗೆ ಕೊಟ್ಟಳು. ನನ್ನಿಂದಾಗಿ ಎಂದು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಈಗ ಎದುರಿಗೇ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಾಳೆ.

"ಆಗ್ಲಿಂದ ಏನ್ ಬರೀತಾ ಇದ್ದೀರಿ?"

"ಕಾಗದ ತಿಂದಿತ್ತಲ್ಲ, ಆ ಆಡಿನ ವಿಷ್ಯ."

"ಪಾಪ, ಆ ಆಡೇನ್ ಮಾಡಿತ್ತು," ಎಂದಳು ಕೈಯಲ್ಲಿನ ಕಾಯಿಯಿಂದ ಕಣ್ಣೆತ್ತದೆ. "ಎರಡು ಕಾಲಿಂದು ಬಿಟ್ಟು ನಾಕು ಕಾಲಿಂದು ಬರೀತೀರಾ?"

ಅವಳಿಗೆ ಓದು ಬರುವುದಿಲ್ಲ. ಸುಧಾ ಬಂದಾಗ ಓದಿ ಹೇಳುತ್ತಾಳೆ. ಆ ಹೊತ್ತಿಗೆ ನಾನು ಮನೆಯಲ್ಲಿ ಇರದಂತೆ ಈಗಿನಿಂದಲೇ ಏರ್ಪಾಡು ಮಾಡಿಕೊಳ್ಳುತ್ತಿದ್ದೇನೆ. ಎದುರಿಗೆ ಕುಳಿತವಳ ಹತ್ತಿರ ತಪ್ಪಾಯಿತು ಎನ್ನುವಷ್ಟು ಧೈರ್ಯ ಈ ವಯಸ್ಸಿನಲ್ಲೂ ಬಂದಿಲ್ಲ. ಹೆಸರು ಬರೆಯುವಷ್ಟು ಬಂದಿದೆ.

ಗಿರಿಯಮ್ಮ.