ಮ್ಯಾನೇಜರ್ ಕುರ್ಚಿಯಲ್ಲಿ ಇಸ್ತ್ರಿಯಣ್ಣ

ಇಸ್ತ್ರಿ ಮಾಡುವವನ ಅಂಗಿ ಸಾಮಾನ್ಯವಾಗಿ ಮುದುಡಿಕೊಂಡೇ ಇರುತ್ತದೆ. ಲಾಂಡ್ರಿಯ ಇಸ್ತ್ರಿಯಣ್ಣನೂ ಇದಕ್ಕೆ ಹೊರತಲ್ಲ. ಆದರೆ ಆ ದಿನ ಬೆಳಿಗ್ಗೆ, ಹೊಸ ಇಸ್ತ್ರಿಪೆಟ್ಟಿಗೆ ಹದವಾಗಿ ಕಾಯುತ್ತದೋ ಇಲ್ಲವೋ ಎಂಬ ಅನುಮಾನ ಅವನಿಗೆ ಬಂತು. ಗಿರಾಕಿಗಳ ಬಟ್ಟೆ ಸುಟ್ಟರೆ ಗತಿಯೇನೆಂದು ತನ್ನ ಅಂಗಿಯನ್ನೇ ಬಿಚ್ಚಿ ಅದರ ಮೇಲೆ ಪರೀಕ್ಷೆ ಮಾಡಿದ. ಅವನು ಮಾಡಿದ ತಪ್ಪು ಅಷ್ಟೇ.

ಅವನಿನ್ನೂ ಗುಂಡಿ ಹಾಕಿಕೊಳ್ಳುತ್ತಿರುವಾಗಲೇ ಯಜಮಾನರು ಒಳಗೆ ಬಂದರು. ಹಳೆಯ ಮ್ಯಾನೇಜರು ಹಿಂದಿನ ದಿನವಷ್ಟೇ ನಿವೃತ್ತರಾಗಿದ್ದರು. ಯಜಮಾನರು ಎಲ್ಲರನ್ನೂ ಒಂದು ಸುತ್ತು ನೋಡಿದರು. ಅಷ್ಟೂ ಮುದುಡಿದ ಬಟ್ಟೆಗಳ ನಡುವೆ ಒಂದೇ ಒಂದು ಗರಿಗರಿ ಅಂಗಿ ಕಂಡಿತು.

"ನೀನು ಆಗಬಹುದು," ಎಂದರು. "ಇವತ್ತೊಂದು ದಿನ ಮ್ಯಾನೇಜರ್ ಕುರ್ಚೀಲಿ ಕೂತ್ಕೋ. ಹೋಟೆಲಿನ ಬಟ್ಟೆ ಐದು ಗಂಟೆಗೆ ವ್ಯಾನ್ ಹತ್ತಬೇಕು. ಹತ್ತಿದ್ರೆ ನೀನೇ ಮ್ಯಾನೇಜರ್. ಇಲ್ಲಾಂದ್ರೆ ನಾಳೆಯಿಂದ ನನ್ನ ಭಾಮೈದನ್ನ ತಂದು ಕೂರಿಸ್ತೀನಿ."

ಭಾಮೈದ ಎಂದೊಡನೆ ಒಗೆಯುವ ಯಂತ್ರ ಕೂಡ ಉಸಿರು ಹಿಡಿದಂತಾಯಿತು. ಹಿಂದೊಮ್ಮೆ ಮ್ಯಾನೇಜರು ರಜೆ ಹಾಕಿದಾಗ ಆ ಮಹಾಶಯ ವಾರವಿಡೀ ಬಂದು, ಬಚ್ಚಲಿಗೆ ಹೋದವರ ಬಾಗಿಲು ಬಡಿದಿದ್ದ. ಇಸ್ತ್ರಿಪೆಟ್ಟಿಗೆ ಬಿಸಿಯಾಗಲೆಂದು ನಿಂತಿದ್ದ ಇಸ್ತ್ರಿಯಣ್ಣನ ಕೈಗೆ "ಅಲ್ಲೀತನಕ ಗುಡಿಸು" ಎಂದು ಪೊರಕೆ ಕೊಟ್ಟಿದ್ದ.

ಯಜಮಾನರು ಅತ್ತ ಹೋದದ್ದೇ ತಡ, ಬಟ್ಟೆ ಮಡಿಸುವ ಅಕ್ಕ ಓಡಿಬಂದಳು. "ತಮ್ಮಾ, ನಮ್ಮೆಲ್ಲರ ಜುಟ್ಟು ನಿನ್ನ ಕೈಲಿದೆ. ಕೆಡಿಸ್ಬೇಡ!"

"ಅಕ್ಕಾ, ಮನೇಲಿ ಬೆಕ್ಕು ಕೂಡ ನಂಗೆ ಹೆದರಲ್ಲ."

"ಹೆದರ್ಸೋನು ಮ್ಯಾನೇಜರಲ್ಲ ಕಣೋ. ಒಳ್ಳೇ ಮ್ಯಾನೇಜರು ಕೆಲಸದವರ ಕಷ್ಟಸುಖ ಕೇಳ್ತಾನೆ."

ಅವನಿಗೂ ಅದು ಸರಿಯೆನಿಸಿತು. ಮ್ಯಾನೇಜರರ ಗಾಜಿನ ಕೋಣೆಗೆ ಹೋಗಿ, ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತ ಗಂಡಸಿನಂತೆ ಕುರ್ಚಿಯ ತುದಿಯಲ್ಲಿ ಕೂತು, ಅಕ್ಕನ ಕಷ್ಟ ಕೇಳಿದ. ಅಕ್ಕನಿಗೆ ಸೊಂಟನೋವಿತ್ತು, ಓರಗಿತ್ತಿಯಿದ್ದಳು, ಓರಗಿತ್ತಿಗೊಂದು ನಾಯಿಯಿತ್ತು. ಕಷ್ಟಗಳು ಬಾವಿಯಿಂದ ಹಗ್ಗ ಸೇದಿದ ಹಾಗೆ ಬರುತ್ತಲೇ ಇದ್ದವು. ಅವಳು ಕಣ್ಣೊರೆಸಿಕೊಂಡು ಎದ್ದಾಗ ಬಾಗಿಲಲ್ಲಿ ಗಂಜಿ ಮಾವ ನಿಂತಿದ್ದ. ಬಟ್ಟೆಗೆ ಗಂಜಿ ಹಾಕುವುದು ಅವನ ಕೆಲಸ. ಲಾಂಡ್ರಿಗೆಲ್ಲ ಅವನು ಮಾವ.

"ಅವಳದ್ದೊಂದೇ ಕೇಳಿದ್ರೆ ಪಕ್ಷಪಾತ ಆಗುತ್ತೆ ಅಳಿಯಾ," ಎನ್ನುತ್ತ ಕೂತೇಬಿಟ್ಟ.

ಮಾವನ ಕಷ್ಟ ಅವನ ಬಾಲ್ಯದಿಂದ ಶುರುವಾಯಿತು. ಮದುವೆಯ ತನಕ ಬರುವಷ್ಟರಲ್ಲಿ ಊಟದ ಹೊತ್ತು ಹತ್ತಿರವಾಗಿತ್ತು. ಇಸ್ತ್ರಿಯಣ್ಣ ಹೆದರುತ್ತಲೇ ಕೇಳಿದ, "ಮಾವಾ, ಒಣಗೋಕೆ ಏನಾದ್ರೂ ಹಾಕಿ ಬಂದಿದೀರಾ?"

ಮಾವ ಮದುವೆಯನ್ನು ಅಲ್ಲಿಗೇ ಬಿಟ್ಟು ಬಟ್ಟೆ ಒಣಗಿಸುವ ಬಿಸಿಕೋಣೆಗೆ ಓಡಿದ. ಇಸ್ತ್ರಿಯಣ್ಣನೂ ಹಿಂದೆಯೇ ಓಡಿದ.

ಗಂಜಿ ಹಾಕಿದ ಬಟ್ಟೆಯನ್ನು ಇನ್ನೂ ತೇವವಿರುವಾಗಲೇ ಇಸ್ತ್ರಿಗೆ ಕೊಡಬೇಕು. ಹೋಟೆಲಿನ ಮೇಜುಬಟ್ಟೆಗಳು ಬಿಸಿಕೋಣೆಯಲ್ಲಿ ಬೆಳಗಿನಿಂದ ಒಣಗಿ ತಗಡಾಗಿದ್ದವು. ಒಂದನ್ನು ನೆಲದ ಮೇಲಿಟ್ಟರೆ ತಾನಾಗಿಯೇ ನಿಂತಿತು. ವ್ಯಾನ್ ಡ್ರೈವರ್ ಅದರ ಬೆನ್ನು ತಟ್ಟಿ, "ಇದನ್ನೇ ಮ್ಯಾನೇಜರ್ ಮಾಡ್ಬಹುದಿತ್ತು. ಎಷ್ಟು ಬಿಗಿಯಾಗಿದೆ ನೋಡಿ," ಎಂದ. ಆಮೇಲೆ ಇಸ್ತ್ರಿಯಣ್ಣನನ್ನು ಪಕ್ಕಕ್ಕೆ ಕರೆದ. "ಕಷ್ಟಸುಖ ಎಲ್ಲ ಆಮೇಲೆ. ಮ್ಯಾನೇಜರ್ ಅಂದ್ಮೇಲೆ ಗಂಟಲಿರ್ಬೇಕು. ಒಂದು ಸಲ ಗುಡುಗಿ, ಎಲ್ಲ ಸರಿಹೋಗುತ್ತೆ."

ಇಸ್ತ್ರಿಯಣ್ಣ ನೀರು ಕುಡಿದ. ಕಣ್ಣು ಮುಚ್ಚಿಕೊಂಡ. "ಏಯ್‌ಯ್!" ಎಂದು ಜೀವಮಾನದ ದನಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದ.

ಆ ಲಾಂಡ್ರಿಯಲ್ಲಿ ಯಾರಾದರೂ ಕೂಗಿದರೆ ಯಂತ್ರಕ್ಕೆ ಕೈ ಸಿಕ್ಕಿಕೊಂಡಿದೆ ಎಂದೇ ಅರ್ಥ. ಅಕ್ಕ ಹಾರಿಹೋಗಿ ಮೇನ್ ಸ್ವಿಚ್ ಆರಿಸಿದಳು. ಮಾವ ಹತ್ತಿ, ಅಯೋಡಿನ್ ಹಿಡಿದು ಓಡಿಬಂದ. ಸಲಹೆ ಕೊಟ್ಟ ಡ್ರೈವರೇ ಗಾಬರಿಬಿದ್ದು ಆಸ್ಪತ್ರೆಗೆಂದು ವ್ಯಾನ್ ಸ್ಟಾರ್ಟ್ ಮಾಡಿದ.

"ಎಲ್ಲಿ, ಯಾವ ಬೆರಳು? ತೋರ್ಸು!" ಅಕ್ಕ ಅವನ ಎರಡೂ ಕೈ ಹಿಡಿದು ತಿರುಗಿಸಿದಳು.

"ಬೆರಳೆಲ್ಲ ಇದೆ ಅಕ್ಕಾ... ನಾನು ಗುಡುಗಿದ್ದು."

"ಅಯ್ಯೋ ಪುಣ್ಯಾತ್ಮ! ಗುಡುಗೋ ಮುಂಚೆ ಹೇಳೋಕೇನಾಗಿತ್ತು?"

ಅರ್ಧಕ್ಕೆ ನಿಂತ ಯಂತ್ರ, ಹಾಸಿಗೆ ಬಟ್ಟೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮತ್ತೆ ಮೊದಲಿನಿಂದ ತಿರುಗತೊಡಗಿತು. ಇಸ್ತ್ರಿಯಣ್ಣನಿಗೆ ಗಾಜಿನ ಕೋಣೆ ಮೀನಿನ ತೊಟ್ಟಿಯಂತೆ ಕಂಡಿತು. ಇನ್ನು ಆ ಕುರ್ಚಿಯಲ್ಲಿ ಕೂತರೆ ಐದು ಗಂಟೆಗೆ ವ್ಯಾನಿನ ಬದಲು ಭಾಮೈದನೇ ಎದುರಿಗಿರುತ್ತಾನೆ. ಕುರ್ಚಿಯ ಕಡೆ ತಿರುಗಿಯೂ ನೋಡದೆ ತನ್ನ ಇಸ್ತ್ರಿ ಮೇಜಿಗೆ ಹೋದ. ತಗಡಾದ ಬಟ್ಟೆಯೊಂದಕ್ಕೆ ನೀರು ಚಿಮುಕಿಸಿ ಉಜ್ಜಲಾರಂಭಿಸಿದ.

ಮಾವ ಬಂದು ಇನ್ನೊಂದಕ್ಕೆ ನೀರು ಚಿಮುಕಿಸಿದ. ಅಕ್ಕ ಸೊಂಟಕ್ಕೆ ಸೆರಗು ಬಿಗಿದು ಮಡಿಸಲು ನಿಂತಳು. ಬಟ್ಟೆ ಮುಟ್ಟುವುದು ತನ್ನ ಕೆಲಸವೇ ಅಲ್ಲ ಎನ್ನುತ್ತಿದ್ದ ಡ್ರೈವರ್ ಹಾಸಿಗೆ ಬಟ್ಟೆಯ ಎರಡು ಮೂಲೆ ಹಿಡಿದ. ಕಷ್ಟಸುಖವಿಲ್ಲ, ಗುಡುಗಿಲ್ಲ. ಕೊನೆಯ ಗಂಟು ವ್ಯಾನ್ ಹತ್ತಿದಾಗ ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಯಜಮಾನರು ಬಂದವರೇ ಖಾಲಿ ಕೋಣೆ ನೋಡಿದರು. "ಮ್ಯಾನೇಜರ್ ಎಲ್ಲಿ?"

"ಇಲ್ಲೇ ಇದೀನಿ ಯಜಮಾನ್ರೇ," ಎಂದ ಇಸ್ತ್ರಿಯಣ್ಣ, ಹಬೆಯ ನಡುವಿನಿಂದ.

"ಕುರ್ಚಿ ಯಾವಾಗಿಂದ ಖಾಲಿ?"

ಅವನಿಗೆ ಸುಳ್ಳು ಬರುತ್ತಿರಲಿಲ್ಲ. "ಊಟದ ಹೊತ್ತಿಂದ."

"ಕೆಲಸ ಯಾವಾಗಿಂದ ಸರಿಯಾಗಿ ನಡೀತು?"

"ಊಟದ ಹೊತ್ತಿಂದ."

ಯಜಮಾನರು ಗಲ್ಲ ಕೆರೆದುಕೊಂಡು ಯೋಚಿಸಿದರು. "ಹಾಗಾದ್ರೆ ಈ ಲಾಂಡ್ರಿಗೆ ಮ್ಯಾನೇಜರೇ ಬೇಡ ಬಿಡು. ಭಾಮೈದನೂ ಬೇಡ."

ಮಾವ ಅಕ್ಕನ ಕೈ ಹಿಡಿದು ಕುಣಿಯುವುದೊಂದು ಬಾಕಿ. ಇಸ್ತ್ರಿಯಣ್ಣನಿಗೆ ದಿನವಿಡೀ ಕಚ್ಚಿದ ಬಿಗಿ ಚಪ್ಪಲಿ ಬಿಚ್ಚಿದಷ್ಟು ಹಗುರವಾಯಿತು.

ಬಾಗಿಲವರೆಗೆ ಹೋದ ಯಜಮಾನರು ತಿರುಗಿ ನಿಂತರು. "ಒಂದು ಕೆಲಸ ಮಾತ್ರ ಉಳೀತಲ್ಲ. ಹಳೇ ಮ್ಯಾನೇಜರು ಇಷ್ಟು ವರ್ಷ ಆ ಕೋಣೇಲಿ ಕೂತು ಏನು ಮಾಡ್ತಿದ್ರು ಗೊತ್ತಾ?"

"ಲೆಕ್ಕ ಬರೀತಿದ್ರು ಅನ್ಕೊಂಡಿದ್ವಿ," ಎಂದ ಮಾವ.

"ದಿನಾ ಬೆಳಿಗ್ಗೆ ನಾನು ಫೋನ್ ಮಾಡಿ ಬೈತಿದ್ದೆ. ಗಿರಾಕಿಗಳು ನನಗೆ ಬೈದದ್ದು, ಮನೇಲಿ ಹೆಂಡ್ತಿ ಬೈದದ್ದು, ಎಲ್ಲ ಅವರ ಕಿವಿಗೇ. ಒಂದಿನಾನೂ ಎದುರು ಮಾತಾಡ್ಲಿಲ್ಲ. ನಿಮಗ್ಯಾರಿಗೂ ಒಂದು ಮಾತು ದಾಟಿಸ್ಲಿಲ್ಲ. ಅಂಥ ಮ್ಯಾನೇಜರ್ ಹುಡುಕಿದ್ರೂ ಸಿಗಲ್ಲ!"

ಎಲ್ಲರ ಕಣ್ಣೂ ನಿಧಾನವಾಗಿ ಇಸ್ತ್ರಿಯಣ್ಣನ ಕಡೆಗೆ ತಿರುಗಿದವು.

ಅವನು ಒಂದು ಗಳಿಗೆ ಯೋಚಿಸಿದ. ಬೈಯುವುದು ತನ್ನಿಂದಾಗದು. ಬೈಸಿಕೊಳ್ಳುವುದರಲ್ಲಿ ಮಾತ್ರ ಚಿಕ್ಕಂದಿನಿಂದಲೂ ಪಳಗಿದ್ದಾನೆ. "ಇಷ್ಟೇನಾ ಯಜಮಾನ್ರೇ?" ಎಂದು ನಿಟ್ಟುಸಿರುಬಿಟ್ಟ. "ಫೋನ್ ಕಿವಿಗಿಟ್ಕೊಂಡೇ ಇಸ್ತ್ರಿ ಮಾಡ್ತೀನಿ ಬಿಡಿ."

"ಜಾಣ!" ಎಂದು ಯಜಮಾನರು ಅವನ ಬೆನ್ನು ತಟ್ಟಿದರು. "ನಾಳೆ ಒಂದು ಗಂಟೆ ಬೇಗ ಬಾ. ಅವಳ ತಮ್ಮನಿಗೆ ಕೆಲಸ ಕೊಡಲಿಲ್ಲ ಅಂತ ಈಗ ಮನೆಗೆ ಹೋಗಿ ಹೆಂಡ್ತಿಗೆ ಹೇಳ್ಬೇಕು ನಾನು."